ವಯೋಸಹಜ

ದೊಡ್ಡಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನ ನಾನೂ ಅಣ್ಣನೂ ಗ್ರಾಮ ಲೆಕ್ಕಿಗರ ಕಚೇರಿಗೆ ಹೋದೆವು. ಅಣ್ಣ ಎಂದರೆ ದೊಡ್ಡಮ್ಮನ ಮಗ. ಮರಣ ನೋಂದಣಿಗೆ 21 ದಿನದ ಗಡುವು. ಅದಾಗದೆ ಪೌತಿ ಖಾತೆಯೂ ಇಲ್ಲ, ಬ್ಯಾಂಕಿನ ಕೆಲಸವೂ ಇಲ್ಲ. ಲೆಕ್ಕಿಗರು ಹೆಸರು, ಊರು, ಗಂಡನ ಹೆಸರು ಎಲ್ಲ ಬರೆದುಕೊಂಡು ತಲೆ ಎತ್ತದೆ ಕೇಳಿದರು: "ಸಾವಿಗೆ ಕಾರಣ?"

ಅಣ್ಣ ನನ್ನ ಮುಖ ನೋಡಿದ. ಪೇಪರಿಗೆ ಬರೆಯುವವನು, ಏನಾದರೂ ಹೇಳಿಯಾನು ಅಂತ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ, "ವಯಸ್ಸಾಗಿತ್ತಲ್ಲ ಮಾರಾಯ್ರೆ, ಎಂಬತ್ತಾರು" ಅಂದ. ಲೆಕ್ಕಿಗರು 'ವಯೋಸಹಜ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದರು. ಬೀಡಿ ಸಿಗರೇಟು ಸೇದುತ್ತಿದ್ದರೇ? ಇಲ್ಲ. ತಂಬಾಕು? ಇಲ್ಲ. ಅಡಿಕೆ ಜಗಿಯುತ್ತಿದ್ದರೇ? ತೋಟದ ಮನೆಯ ಹೆಂಗಸಿನ ವಿಷಯದಲ್ಲಿ ಇದೂ ಒಂದು ಪ್ರಶ್ನೆಯೇ ಎಂಬಂತೆ ಅಣ್ಣ ನಕ್ಕ. "ಎಷ್ಟು ವರ್ಷದಿಂದ?" ಎಂದರು ಲೆಕ್ಕಿಗರು; ಫಾರಂನಲ್ಲಿ ಅದಕ್ಕೂ ಜಾಗ ಇದೆ. "ಮದುವೆಯಾಗಿ ಬಂದಾಗಿನಿಂದ ಅಂತ ಬರ್ಕೊಳ್ಳಿ." ಬೆರಳು ಮಡಿಸಿ ಲೆಕ್ಕ ಹಾಕಿದೆವು. ಅರವತ್ತೆಂಟು ಬಂತು. ಸಾವಿನ ಕಾರಣಕ್ಕೆ ಎರಡು ಸೆಕೆಂಡು ಹಿಡಿದಿತ್ತು, ಅಡಿಕೆಗೆ ಎರಡು ನಿಮಿಷ.

ಕೊನೆಯ ಆರು ವರ್ಷ ದೊಡ್ಡಮ್ಮನಿಗೆ ಮಗನ ಗುರುತು ಹತ್ತುತ್ತಿರಲಿಲ್ಲ. ಎಂದೋ ತೀರಿಹೋದ ತನ್ನ ತಮ್ಮನ ಹೆಸರಿನಿಂದ ಅವನನ್ನು ಕರೆಯುತ್ತಿದ್ದಳು. ಮೊದಮೊದಲು ಎಲೆಅಡಿಕೆ ಹಾಕಿಕೊಂಡದ್ದು ಮರೆತು ಮತ್ತೆ ತಟ್ಟೆ ಎಳೆಯುತ್ತಿದ್ದಳು. ಆಮೇಲೆ ಊಟ ಮಾಡಿದ್ದು ಮರೆತಳು, ಆಮೇಲೆ ಬಚ್ಚಲು ಮನೆ ಎಲ್ಲಿದೆ ಎನ್ನುವುದು, ಕಡೆಗೆ ನುಂಗುವುದು ಹೇಗೆ ಎನ್ನುವುದು. ಇದರಲ್ಲಿ ಒಂದಕ್ಷರವೂ ಆ ಫಾರಂ ಸೇರಲಿಲ್ಲ. ಲೆಕ್ಕಿಗರ ತಪ್ಪೇನಿಲ್ಲ. ಹೇಳಬೇಕಾದವರು ನಾವು, ಹೇಳಲಿಲ್ಲ.

ಈ 'ವಯೋಸಹಜ'ದ ಮಟ್ಟಿಗೆ ನಾನೂ ಪಾಪಿಯೇ. ಪತ್ರಿಕೆಯ ಡೆಸ್ಕಿನಲ್ಲಿದ್ದ ಕಾಲದಲ್ಲಿ ದಿನಕ್ಕೆ ನಾಲ್ಕಾದರೂ ನಿಧನ ವಾರ್ತೆ ತಿದ್ದುತ್ತಿದ್ದೆ. 'ವಯೋಸಹಜ ಅನಾರೋಗ್ಯದಿಂದ', 'ವಯೋಸಹಜ ಕಾಯಿಲೆಯಿಂದ' ಎಂದು ಬಂದರೆ ಕಣ್ಣು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸಭ್ಯ ಪದ. ಓದುವವರಿಗೆ ಕಿರಿಕಿರಿಯಿಲ್ಲ, ಮನೆಯವರಿಗೆ ಮುಜುಗರವಿಲ್ಲ. ವಯಸ್ಸಿಗೆ ಸಹಜವಾದ ಕಾಯಿಲೆ ಎಂದರೆ ಯಾವುದಪ್ಪಾ ಎಂದು ಒಂದು ಸಲವೂ ಕೇಳಿಕೊಂಡವನಲ್ಲ.

ಪದ ನಮ್ಮದೇ ಆದರೂ ಈ ಅಭ್ಯಾಸ ನಮ್ಮೊಬ್ಬರದ್ದಲ್ಲ. ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿ 2022ರಲ್ಲಿ ತೀರಿಕೊಂಡಾಗ ಸ್ಕಾಟ್ಲೆಂಡಿನ ದಾಖಲೆಯಲ್ಲಿ ಕಾರಣವೆಂದು ಬರೆದದ್ದು 'ಮುಪ್ಪು' ಎಂದಷ್ಟೇ. ವಯಸ್ಸು 96. ಆದರೆ ಅದೇ ಬ್ರಿಟನ್ನಿನ ಇನ್ನೊಂದು ಲೆಕ್ಕ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಲ್ಲಿ ಸತ್ತವರ ಪೈಕಿ ಅತಿ ಹೆಚ್ಚು ಮಂದಿಯನ್ನು ಒಯ್ದದ್ದು ಡಿಮೆನ್ಷಿಯಾ, ನಾವು ಅರಳುಮರಳು ಎನ್ನುವ ಮರೆವಿನ ಕಾಯಿಲೆ. 61 ಸಾವಿರಕ್ಕೂ ಹೆಚ್ಚು ಸಾವು, ಒಟ್ಟು ಸಾವುಗಳಲ್ಲಿ ಶೇ 11.6. ಕೂದಲೆಳೆಯ ಅಂತರದಲ್ಲಿ ಹೃದ್ರೋಗ ಎರಡನೆಯ ಸ್ಥಾನಕ್ಕಿಳಿಯಿತು. ಹೀಗಾದದ್ದು ಅದೇ ಮೊದಲು.

ಒಂದೇ ವರ್ಷದಲ್ಲಿ ಅಲ್ಲಿನ ಮುದುಕರಿಗೆಲ್ಲ ಮರೆವು ಹೆಚ್ಚಾಯಿತೇ? ಹಾಗಲ್ಲ. ಹೃದಯಾಘಾತದ ಚಿಕಿತ್ಸೆ ಸುಧಾರಿಸಿತು, ಸಿಗರೇಟು ಕಡಿಮೆಯಾಯಿತು, ಅರವತ್ತೈದಕ್ಕೆ ಎದೆನೋವಿನಿಂದ ಹೋಗಬೇಕಿದ್ದವರು ಎಂಬತ್ತೈದರವರೆಗೆ ಬದುಕಿದರು. ಅಷ್ಟು ಬದುಕಿದವರಲ್ಲೇ ಈ ಕಾಯಿಲೆ ಹೆಚ್ಚು. ಜೊತೆಗೆ, ಮರೆವಿನ ಕಾಯಿಲೆಯನ್ನು ಗುರುತಿಸಿ ದಾಖಲಿಸಬೇಕೆಂದು ಅಲ್ಲಿನ ಸರ್ಕಾರ ಕುಟುಂಬ ವೈದ್ಯರ ಬೆನ್ನು ಹತ್ತಿತ್ತು. ಇನ್ನೂ ಒಂದು ಸಂಗತಿಯಿದೆ, ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. 2011ರಲ್ಲೂ 2014ರಲ್ಲೂ ಸಾವಿನ ಕಾರಣಗಳಿಗೆ ಸಂಕೇತ ಹಚ್ಚುವ ನಿಯಮ ಮತ್ತು ತಂತ್ರಾಂಶ ಬದಲಾದವು. ಅಲ್ಲಿಯವರೆಗೆ ಬೇರೆ ಕಾಯಿಲೆಗಳ ಖಾತೆಗೆ ಜಮೆಯಾಗುತ್ತಿದ್ದ ಒಂದಷ್ಟು ಸಾವುಗಳು ಡಿಮೆನ್ಷಿಯಾದ ಖಾತೆಗೆ ಬಂದವು. ಇನ್ನು, ಕ್ಯಾನ್ಸರನ್ನು ಶ್ವಾಸಕೋಶದ್ದು, ಕರುಳಿನದ್ದು, ಸ್ತನದ್ದು ಎಂದು ಬಿಡಿಬಿಡಿಯಾಗಿ ಎಣಿಸಿದ್ದರಿಂದಲೇ ಡಿಮೆನ್ಷಿಯಾಕ್ಕೆ ಮೊದಲ ಸ್ಥಾನ ಸಿಕ್ಕಿತು. ಎಲ್ಲ ಕ್ಯಾನ್ಸರುಗಳನ್ನು ಒಂದೇ ಬುಟ್ಟಿಗೆ ಹಾಕಿದ್ದರೆ ಅದೇ ಬಹಳ ಮುಂದಿರುತ್ತಿತ್ತು. ಸಾವಿನ ಕಾರಣಗಳ ಪಟ್ಟಿ ಎಂಬುದು ಎಸ್ಸೆಸ್ಸೆಲ್ಸಿ ರ‍್ಯಾಂಕಿನಂಥದ್ದಲ್ಲ. ಬುಟ್ಟಿ ಯಾವುದು, ಬರೆದವರು ಯಾರು, ಎಲ್ಲಿಗೆ ಬರೆಯುವುದು ನಿಲ್ಲಿಸಿದರು ಎನ್ನುವುದರ ಮೇಲೆ ಅದು ಹಿಂದೆ ಮುಂದೆ ಜಾರುತ್ತದೆ.

ಎಲ್ಲಿಗೆ ನಿಲ್ಲಿಸಿದರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೈದ್ಯರು ಕೊಡುವ ಮರಣ ಕಾರಣದ ಪ್ರಮಾಣಪತ್ರ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ನಮೂನೆಯದು. ನಮ್ಮಲ್ಲಿ ಆಸ್ಪತ್ರೆಯ ಸಾವಿಗೆ ಫಾರಂ 4, ಮನೆಯ ಸಾವಿಗೆ ಫಾರಂ 4ಎ. ಅದರಲ್ಲಿ ಒಂದರ ಕೆಳಗೊಂದು ಸಾಲುಗಳಿವೆ, ಬಾವಿಗಿಳಿಯುವ ಮೆಟ್ಟಿಲಿನ ಹಾಗೆ. ಮೇಲಿನ ಸಾಲಿನಲ್ಲಿ ಕಟ್ಟಕಡೆಗೆ ಜೀವ ತೆಗೆದದ್ದು ಏನು ಎಂದು ಬರೆಯಬೇಕು. ಅದರ ಕೆಳಗೆ, ಅದು ಯಾವುದರಿಂದ ಬಂತು. ಅದರ ಕೆಳಗೆ, ಅದಾದರೂ ಯಾವುದರಿಂದ. ಎಲ್ಲಕ್ಕಿಂತ ತಳದಲ್ಲಿ ಬರೆದದ್ದೇ ಮೂಲ ಕಾರಣ. ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯವಾಗಿ ಅದೊಂದನ್ನೇ. ಇವಲ್ಲದೆ 'ಇತರ ತೊಂದರೆಗಳು' ಎಂದು ಎರಡನೆಯ ಭಾಗವೊಂದಿದೆ. ಅಲ್ಲಿ ಬರೆದದ್ದು ಸಾಮಾನ್ಯವಾಗಿ ಪಟ್ಟಿಯ ಸ್ಥಾನಮಾನಕ್ಕೆ ಸೇರುವುದಿಲ್ಲ.

ಈಗ ದೊಡ್ಡಮ್ಮನನ್ನೇ ಈ ಮೆಟ್ಟಿಲಿನ ಮೇಲೆ ನಿಲ್ಲಿಸಿ. ಮೇಲೆ ನ್ಯುಮೋನಿಯಾ. ಅದರ ಕೆಳಗೆ, ನುಂಗಲಾಗದೆ ಅನ್ನ ಶ್ವಾಸಕೋಶಕ್ಕೆ ಇಳಿದದ್ದು. ತಳದಲ್ಲಿ ಅಲ್ಜೈಮರ್ಸ್, ಡಿಮೆನ್ಷಿಯಾದ ಒಂದು ಬಗೆ. ವೈದ್ಯರು ಮೊದಲ ಮೆಟ್ಟಿಲಲ್ಲೇ ಪೆನ್ನಿನ ಮುಚ್ಚಳ ಹಾಕಿದರೆ ಅವಳು ನ್ಯುಮೋನಿಯಾದ ಲೆಕ್ಕ. ಅಲ್ಜೈಮರ್ಸ್ ಅನ್ನು ಎರಡನೆಯ ಭಾಗಕ್ಕೆ ತಳ್ಳಿದರೂ ಅದೇ ಗತಿಯಾಗಬಹುದು. ನಮ್ಮಲ್ಲಿ ಬಹಳಷ್ಟು ಪ್ರಮಾಣಪತ್ರಗಳಲ್ಲಿ ಕಾಣುವುದು ಇನ್ನೊಂದು: 'ಹೃದಯ ಮತ್ತು ಉಸಿರಾಟ ಸ್ತಂಭನ'. ಹೀಗೆ ಬರೆಯಕೂಡದು ಎಂದು ವೈದ್ಯರಿಗೆ ಕೊಡುವ ಮಾರ್ಗಸೂಚಿಯಲ್ಲೇ ಹೇಳಿದೆ, ಆದರೂ ಬರೆಯುತ್ತಾರೆ. ಹೃದಯ ನಿಲ್ಲದೆ ಸತ್ತವರು ಯಾರಾದರೂ ಇದ್ದಾರೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ, ಕೋವಿಡ್‌ಗೆ ಮುಂಚಿನ 2019ರಲ್ಲಿ, ಡಿಮೆನ್ಷಿಯಾದ ಸ್ಥಾನ ಏಳನೆಯದು. ಹೃದ್ರೋಗ, ಪಾರ್ಶ್ವವಾಯು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ನ್ಯುಮೋನಿಯಾದಂಥ ಸೋಂಕು, ನವಜಾತ ಶಿಶುಗಳ ತೊಂದರೆ, ಶ್ವಾಸಕೋಶದ ಕ್ಯಾನ್ಸರ್ ಇವು ಅದಕ್ಕಿಂತ ಮುಂದೆ. ಮಧುಮೇಹವೂ ಮೂತ್ರಪಿಂಡದ ಕಾಯಿಲೆಯೂ ಅದರ ಹಿಂದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 6.8 ಕೋಟಿ ಜನ ಸತ್ತರು, ಅದರಲ್ಲಿ ಹೃದ್ರೋಗದ ಪಾಲು 91 ಲಕ್ಷ, ಡಿಮೆನ್ಷಿಯಾದ್ದು 18 ಲಕ್ಷ. ಡಿಮೆನ್ಷಿಯಾದಿಂದ ಸತ್ತ ಪ್ರತಿ ನೂರರಲ್ಲಿ 68 ಮಂದಿ ಹೆಂಗಸರು. ಹೆಚ್ಚು ವರ್ಷ ಬದುಕುವವರು ಅವರು ಎನ್ನುವುದು ಅದಕ್ಕೊಂದು ಕಾರಣ.

ಇದೇ ಪಟ್ಟಿಯನ್ನು ದೇಶಗಳ ಆದಾಯದ ಪ್ರಕಾರ ಬಿಡಿಸಿದರೆ ವಿಚಿತ್ರ ಕಾಣುತ್ತದೆ. 2019ರಲ್ಲಿ ಶ್ರೀಮಂತ ದೇಶಗಳಲ್ಲಿ ಡಿಮೆನ್ಷಿಯಾ ಎರಡನೆಯ ಸ್ಥಾನದಲ್ಲಿತ್ತು, ಪಾರ್ಶ್ವವಾಯುವಿಗಿಂತಲೂ ಮುಂದೆ. ಭಾರತ ಸೇರಿದ ಕೆಳ-ಮಧ್ಯಮ ಆದಾಯದ ಗುಂಪಿನಲ್ಲಿ ಅದು ಮೊದಲ ಹತ್ತರಲ್ಲೇ ಇಲ್ಲ. ನಾವು ಬೇರೆ ಕಾಯಿಲೆಗಳಿಂದ ಮೊದಲೇ ಹೋಗಿಬಿಡುತ್ತೇವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಉಳಿದವರ ಸಾವು ನಮ್ಮ ದೊಡ್ಡಮ್ಮನದ್ದರ ಹಾಗೆ, ಮನೆಯವರ ಬಾಯಿಂದ ಲೆಕ್ಕಿಗರ ಪೆನ್ನಿಗೆ. ಈ ಕೊರತೆ ತುಂಬಲು ರಿಜಿಸ್ಟ್ರಾರ್ ಜನರಲ್ ಕಚೇರಿ ಇನ್ನೊಂದು ದಾರಿ ಹಿಡಿದಿದೆ. ಆಯ್ದ ಊರು-ಬಡಾವಣೆಗಳಲ್ಲಿ ಸಾವಾದ ಮನೆಗೆ ಹೋಗಿ, ಏನೇನಾಯಿತು ಎಂದು ಮನೆಯವರಿಂದ ಕೇಳಿ ಬರೆದುಕೊಂಡು, ಅದನ್ನು ಇಬ್ಬರು ವೈದ್ಯರಿಗೆ ಬೇರೆಬೇರೆಯಾಗಿ ಓದಿಸಿ ಕಾರಣ ನಿರ್ಧರಿಸುವುದು. ಬಾಯಿಮಾತಿನ ಶವಪರೀಕ್ಷೆ ಎನ್ನಬಹುದು. ಒಳ್ಳೆಯ ಉಪಾಯ, ಮಲೇರಿಯಾ, ಹಾವು ಕಡಿತದಂಥ ಸಾವುಗಳ ನಿಜವಾದ ಪ್ರಮಾಣ ಗೊತ್ತಾದದ್ದೇ ಇದರಿಂದ. 2021–23ರ ಈ ಬಗೆಯ ವರದಿಯ ಪ್ರಕಾರ ನಮ್ಮಲ್ಲಿ ಸಾವುಗಳ ಸುಮಾರು ಶೇ 31 ಹೃದಯ ಮತ್ತು ರಕ್ತನಾಳದ ಕಾಯಿಲೆಗಳದ್ದು. ನನ್ನ ಕಣ್ಣು ನೆಟ್ಟದ್ದು ಕೆಳಗಿನ ಇನ್ನೊಂದು ಸಾಲಿನ ಮೇಲೆ: ಇಂಥದ್ದೇ ಕಾರಣ ಎಂದು ಹೇಳಲು ಬಾರದ ಸಾವುಗಳು ಶೇ 10.5, ಹೆಚ್ಚಿನವು ಎಪ್ಪತ್ತು ದಾಟಿದವರವು. ಆ ಗೋಣಿಚೀಲದೊಳಗೆ ಏನೇನಿದೆಯೋ. ಮನೆಯವರು 'ಜ್ವರ ಬಂತು, ಉಬ್ಬಸ ಬಂತು, ಊಟ ಬಿಟ್ಟರು, ವಯಸ್ಸಾಗಿತ್ತು' ಎಂದಷ್ಟೇ ಹೇಳಿದರೆ ಓದುವ ವೈದ್ಯರಾದರೂ ಏನು ಮಾಡಿಯಾರು? ಆರು ವರ್ಷದ ಮರೆವು ನಮ್ಮ ಮನೆಗಳಲ್ಲಿ ಕಾಯಿಲೆಯ ಕಥೆಯೊಳಗೆ ಬರುವುದೇ ಇಲ್ಲ. ಅದು ಸ್ವಭಾವದ ಲೆಕ್ಕ, ಹಣೆಬರಹದ ಲೆಕ್ಕ.

ಕಾಯಿಲೆಯವರು ಕಡಿಮೆಯೇನಿಲ್ಲ. ದೇಶದಾದ್ಯಂತ ಮನೆಮನೆಗೆ ಹೋಗಿ ಮಾಡಿದ ಒಂದು ದೊಡ್ಡ ಅಧ್ಯಯನ, 60 ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ ಎಂದು ಅಂದಾಜಿಸಿದೆ. ಅಂದರೆ ಸುಮಾರು 88 ಲಕ್ಷ ಜನ. ಹಳ್ಳಿಗಳಲ್ಲಿ ಪೇಟೆಗಿಂತ ಹೆಚ್ಚು, ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಇಷ್ಟು ಜನ ಬದುಕಿರುವಾಗ ಕಾಣಿಸಿ, ಸಾಯುವಾಗ ಎಲ್ಲಿಗೆ ಹೋಗುತ್ತಾರೆ?

ಎಣಿಕೆಯಲ್ಲಿ ಕಾಣದೆ ಹೋಗುವುದು ಈ ಕಾಯಿಲೆಗೆ ಹುಟ್ಟಿನಿಂದ ಬಂದ ಗುಣ ಎನ್ನಿಸುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರ ನವೆಂಬರಿನಲ್ಲಿ ಟ್ಯೂಬಿಂಗೆನ್ ಎಂಬಲ್ಲಿ ಮೊದಲ ಬಾರಿಗೆ ವಿವರಿಸಿದ್ದು ಅಗಸ್ಟೆ ಡೀಟರ್ ಎಂಬ ಹೆಂಗಸಿನ ಮೆದುಳನ್ನು. ಐವತ್ತೊಂದಕ್ಕೆ ಫ್ರಾಂಕ್‌ಫರ್ಟಿನ ಆಸ್ಪತ್ರೆ ಸೇರಿದ್ದ ಆಕೆ ಐವತ್ತೈದಕ್ಕೆ ತೀರಿಕೊಂಡಳು. ಆಕೆಯ ಜೀವ ತೆಗೆದದ್ದು ಹಾಸಿಗೆ ಹುಣ್ಣಿನಿಂದ ರಕ್ತಕ್ಕೆ ಹರಡಿದ ನಂಜು. ಅಲ್ಜೈಮರ್ಸ್ ಕಾಯಿಲೆಯ ಮೊಟ್ಟಮೊದಲ ರೋಗಿಯನ್ನೂ ಬೇಕೆಂದರೆ ನಂಜಿನ ಖಾತೆಗೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಮುಂದೆ ದಶಕಗಳ ಕಾಲ ಅದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗ ಎಂದೇ ವೈದ್ಯರು ನಂಬಿದ್ದರು. ಮುದುಕರಿಗೆ ಬಂದರೆ ಮುಪ್ಪು, ಅಷ್ಟೆ. 1976ರಲ್ಲಿ ರಾಬರ್ಟ್ ಕ್ಯಾಟ್ಜ್‌ಮನ್ ಎಂಬ ಅಮೆರಿಕದ ನರವೈದ್ಯ ಒಂದು ಪುಟ್ಟ ಸಂಪಾದಕೀಯ ಬರೆದರು. ಎರಡೂ ಒಂದೇ ಕಾಯಿಲೆ, ಇದು ಅಮೆರಿಕದಲ್ಲಿ ಸಾವಿಗೆ ನಾಲ್ಕನೆಯದೋ ಐದನೆಯದೋ ದೊಡ್ಡ ಕಾರಣ, ಆದರೆ ಸರ್ಕಾರದ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ ಎಂಬುದು ಅದರ ತಾತ್ಪರ್ಯ. ನಾವೀಗ ಹೆಚ್ಚುಕಡಿಮೆ ಆ 1976ರಲ್ಲಿದ್ದೇವೆ.

ಮರೆವು ಯಾರನ್ನಾದರೂ ಹೇಗೆ ಕೊಲ್ಲುತ್ತದೆ ಎಂದು ಕೇಳುವವರಿದ್ದಾರೆ. ಅಣ್ಣನೂ ಕೇಳಿದ್ದ. ಹೆಸರು ಮರೆಯುವುದು ಕಾಯಿಲೆಯ ಶುರು ಮಾತ್ರ. ಮೆದುಳಿನ ಕೋಶಗಳು ಸಾಯುತ್ತ ಹೋದ ಹಾಗೆ ನಡೆಯುವುದು, ಕೂರುವುದು, ಮೂತ್ರ ತಡೆದುಕೊಳ್ಳುವುದು ಒಂದೊಂದೇ ಕೈಬಿಡುತ್ತವೆ. ನುಂಗುವುದೂ ಮೆದುಳಿನದೇ ಕೆಲಸ. ಒಂದು ತುತ್ತು ಗಂಟಲಿಗಿಳಿಯುವ ಕ್ಷಣದಲ್ಲಿ ಶ್ವಾಸನಾಳದ ಬಾಗಿಲು ಮುಚ್ಚಬೇಕು. ಅದು ತಡವಾದರೆ ನಾವು 'ನೆತ್ತಿಗೆ ಹತ್ತಿತು' ಎನ್ನುತ್ತೇವೆ.

ದೊಡ್ಡಮ್ಮನಿಗೆ ಕೊನೆಯ ಒಂದು ವರ್ಷ ಹೊತ್ತುಹೊತ್ತಿಗೂ ನೆತ್ತಿಗೆ ಹತ್ತುತ್ತಿತ್ತು. ಅತ್ತಿಗೆ ಗಂಜಿಯ ಚಮಚ ಹಿಡಿದು "ನುಂಗಿ ಅತ್ತೆ, ನುಂಗಿ" ಎನ್ನುತ್ತ ಕೂರುತ್ತಿದ್ದರು. ದೊಡ್ಡಮ್ಮ ಗಂಜಿಯನ್ನು ದವಡೆಯ ಪಕ್ಕದಲ್ಲಿ ಇಟ್ಟುಕೊಂಡು, ಎಲೆಅಡಿಕೆ ಹಾಕಿಕೊಂಡವಳ ಹಾಗೆ ಗೋಡೆ ನೋಡುತ್ತಿದ್ದಳು. ಅರ್ಧ ಲೋಟ ಇಳಿಯಲು ಮುಕ್ಕಾಲು ಗಂಟೆ. ನಡುವೆ ಕೆಮ್ಮು. ಅತ್ತಿಗೆ ನೆತ್ತಿ ತಟ್ಟಿ, ರೂಢಿಯ ಮಾತು, "ಯಾರೋ ನೆನೆಸ್ಕೊಳ್ತಿದಾರೆ ಕಾಣತ್ತೆ" ಅನ್ನುತ್ತಿದ್ದರು. ಅದು ಶ್ವಾಸಕೋಶಕ್ಕೆ ಇಳಿಯುತ್ತಿದೆ, ಇನ್ನೊಂದು ವಾರಕ್ಕೆ ಜ್ವರ ಬರುತ್ತದೆ ಎಂದು ಆ ಮನೆಯಲ್ಲಿ ಯಾರಿಗೂ ಹೇಳಿದವರಿರಲಿಲ್ಲ. ಜ್ವರ ಬಂತು, ಹೋಯಿತು, ಮತ್ತೆ ಬಂತು.

ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ 22 ಆರೈಕೆ ಕೇಂದ್ರಗಳಲ್ಲಿ, ಕಾಯಿಲೆ ಕೊನೆಯ ಹಂತ ಮುಟ್ಟಿದ್ದ 323 ಮಂದಿಯನ್ನು ಹದಿನೆಂಟು ತಿಂಗಳು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸೂಸನ್ ಮಿಚೆಲ್ ಎಂಬ ವೈದ್ಯೆ ಅದರ ಮುಂದಾಳು. ಆ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ಶೇ 41 ಮಂದಿಗೆ ನ್ಯುಮೋನಿಯಾ ಬಂದಿತ್ತು, ಶೇ 86 ಮಂದಿಗೆ ಊಟದ ತೊಂದರೆ. ಕ್ಯಾನ್ಸರಿನ ಕೊನೆಯ ಹಂತದ ಹಾಗೆ ಇದೂ ಒಂದು ಕೊನೆಯ ಹಂತ ಎಂದು ಆ ಅಧ್ಯಯನ ಖಚಿತವಾಗಿ ಹೇಳಿತು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಮಾತು. ಮುಂದೆ ಏನಾಗಲಿದೆ ಎಂದು ಬಲ್ಲ ಮನೆಯವರು, ಕೊನೆಯ ಮೂರು ತಿಂಗಳಲ್ಲಿ ತಮ್ಮವರನ್ನು ಆಸ್ಪತ್ರೆ, ನಳಿಕೆ, ಸೂಜಿಗಳಿಗೆ ಒಡ್ಡಿದ್ದು ಬಹಳ ಕಡಿಮೆ.

ನಮಗೆ ಗೊತ್ತಿರಲಿಲ್ಲ. ಮೂರನೆಯ ಸಲ ಜ್ವರ ಬಂದಾಗ ಕಾರು ಮಾಡಿಕೊಂಡು ಪೇಟೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಮೂಗಿನಲ್ಲಿ ಟ್ಯೂಬು ಇಳಿಸಿದರು. ಅವಳು ಕಿತ್ತು ಹಾಕಿದಳು. ಮತ್ತೆ ಇಳಿಸಿ, ಎರಡೂ ಕೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದರು. ಮಗನ ಹೆಸರು ಮರೆತ ಹೆಂಗಸಿಗೆ ಕೈ ಬಿಡಿಸಿಕೊಳ್ಳಬೇಕು ಎನ್ನುವುದು ಮಾತ್ರ ಮರೆತಿರಲಿಲ್ಲ. ಮಣಿಕಟ್ಟು ಕೆಂಪಾಗಿತ್ತು. ಈ ಹಂತದವರಿಗೆ ಟ್ಯೂಬಿನಿಂದ ಆಯುಷ್ಯವೂ ಹೆಚ್ಚುವುದಿಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ. ನಿಧಾನವಾಗಿ, ಎಷ್ಟು ಹೋಗುತ್ತದೋ ಅಷ್ಟನ್ನು, ಕೈಯಾರೆ ಉಣಿಸಿ ಎಂದು ಅಮೆರಿಕದ ವೃದ್ಧವೈದ್ಯರ ಸಂಘ ಹೇಳುತ್ತದೆ. ಅತ್ತಿಗೆ ಅದನ್ನೇ ಒಂದು ವರ್ಷದಿಂದ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ್ದು, 'ಇಷ್ಟು ದಿನ ಉಪವಾಸ ಕೆಡವಿದ್ರಾ?' ಎಂಬ ಬೈಗುಳ.

ಆರನೆಯ ದಿನ ಮನೆಗೆ ಕರೆತಂದೆವು. ಒಂಬತ್ತನೆಯ ದಿನ ಹೋದಳು.

ನಿಧನದ ಜಾಹೀರಾತಿಗೆ ಒಕ್ಕಣೆ ಬರೆದವನು ನಾನೇ. 'ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದ' ಎಂದು ಬರೆದಿದ್ದೆ. ಅಣ್ಣ ಓದಿ ಅಷ್ಟನ್ನು ಹೊಡೆದು ಹಾಕಿದ. ಮಗಳಿಗೆ ಗಂಡು ನೋಡುತ್ತಿದ್ದ ಸಮಯ. ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಅಂದುಕೊಂಡರೆ? ಅಜ್ಜಿಗೆ ಎಂಬತ್ತು ದಾಟಿದ ಮೇಲೆ ಬಂದದ್ದು ಹಾಗೆ ಮೊಮ್ಮಗಳಿಗೆ ಬಂದುಬಿಡುವುದಿಲ್ಲ, ವಂಶದಲ್ಲಿ ನೇರವಾಗಿ ಇಳಿಯುವುದು ಬಹಳ ಅಪರೂಪ ಎಂದು ವಾದಿಸಿದೆ. ವಾದದಲ್ಲಿ ಗೆದ್ದೆ, ಜಾಹೀರಾತಿನಲ್ಲಿ 'ವಯೋಸಹಜ' ಎಂದೇ ಬಂತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅಲ್ಜೈಮರ್ಸ್ ಹಿಡಿದು ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು 2019ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಕಾಯಿಲೆಯ ಹೆಸರು ಹಿಡಿದೇ ಬರೆದವು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತ ನಾಗ್ ದಾರಿ ತಪ್ಪಿದಾಗ ನಮ್ಮ ಮನೆಯವರೆಲ್ಲ ಕಣ್ಣೊರೆಸಿಕೊಂಡಿದ್ದರು. ದೊಡ್ಡ ಮನುಷ್ಯರಿಗೆ, ಸಿನಿಮಾದವರಿಗೆ ಬಂದರೆ ಕಾಯಿಲೆ, ನಮ್ಮ ಮನೆಯಲ್ಲಾದರೆ ಗುಟ್ಟು.

ಈಗ ಕಾಯಿದೆ ಸ್ವಲ್ಪ ಬದಲಾಗಿದೆ. 2023ರ ಅಕ್ಟೋಬರಿನಿಂದ, ಆಸ್ಪತ್ರೆಯಲ್ಲಿ ಯಾರೇ ತೀರಿಕೊಂಡರೂ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕೊಡಬೇಕು, ಅದರ ಪ್ರತಿಯನ್ನು ಮನೆಯವರಿಗೂ ಕೊಡಬೇಕು. ಮನೆಯಲ್ಲೇ ಸಾಯುವ ಮುದುಕ ಮುದುಕಿಯರ ವಿಷಯ ಇನ್ನೂ ಹಿಂದಿನ ಹಾಗೇ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಸಾವಿರಾರು ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂದು ನೋಡುತ್ತಿದ್ದಾರೆ. ನಮ್ಮ ನೆಲದ ಉತ್ತರ ಅಲ್ಲಿಂದ ಬರಬೇಕು.

ಹೊರಗಿನಿಂದ ಬಂದ ಉತ್ತರ ಒಂದಿದೆ. 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಹದಿನಾಲ್ಕು ಸಂಗತಿಗಳನ್ನು ಹೆಸರಿಸಿ, ಇವನ್ನು ನೋಡಿಕೊಂಡರೆ ಡಿಮೆನ್ಷಿಯಾದ ಸುಮಾರು ಶೇ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ, ಸಿಗರೇಟು ಇವು ಹೃದ್ರೋಗದ ಪಟ್ಟಿಯಲ್ಲೂ ಇರುವಂಥವೇ. ಶಾಲೆಗೆ ಹೋಗದಿರುವುದೂ ಒಂದು. ನಮ್ಮ ಹಳ್ಳಿಯ ಹೆಂಗಸರಲ್ಲಿ ಕಾಯಿಲೆ ಹೆಚ್ಚಿರುವುದಕ್ಕೆ ಇದರ ನಂಟು ಇದ್ದೀತು. ಎಲ್ಲಕ್ಕಿಂತ ಹೆಚ್ಚು ತೂಕ ಸಿಕ್ಕಿದ್ದು ಎರಡಕ್ಕೆ: ಕೆಟ್ಟ ಕೊಲೆಸ್ಟರಾಲಿಗೆ, ಮತ್ತೆ ನಾನು ಊಹಿಸಿರದ ಒಂದಕ್ಕೆ, ಕಿವಿ ಮಂದವಾಗುವುದಕ್ಕೆ. ಕಿವಿ ಕೇಳದವರು ಮಾತಿನಿಂದ ದೂರವಾಗುತ್ತಾರೆ, ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ ಎಂಬುದು ಒಂದು ವಿವರಣೆ.

ಅಣ್ಣನಿಗೂ ಈಗ ವಯಸ್ಸಾಗಿದೆ. ಅವನ ಮನೆಯ ಟಿವಿಯ ವಾರ್ತೆ ತೋಟದ ಬೇಲಿಯವರೆಗೂ ಕೇಳುತ್ತದೆ. ಮೊನ್ನೆ ಹೋದಾಗ ಈ ವಿಷಯವನ್ನೆಲ್ಲ ಗಂಟಲು ಹರಿಯುವ ಹಾಗೆ ಹೇಳಿ, ಕಿವಿಗೆ ಮಷೀನು ಹಾಕಿಸಿಕೋ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಈ ವಯಸ್ಸಿಗೆ ಇಷ್ಟೆಲ್ಲ ಇರೋದೇ ಮಾರಾಯ" ಅಂದ. ಒಳಗಿನಿಂದ ಅತ್ತಿಗೆ, "ನಾಡಿದ್ದು ಬುಧವಾರ ಕರ್ಕೊಂಡು ಹೋಗಿ, ಕಾರಿಗೆ ಹೇಳಿದೀನಿ" ಎಂದರು. ಅದು ಅಣ್ಣನಿಗೆ ಕೇಳಿಸಲಿಲ್ಲ.